‘ಹ್ಯಾವ್ ನೋ ಟ್ರಕ್ ವಿತ್’ ಬಳಸುವುದು ಹೇಗೆ?

ಇಂಗ್ಲಿಷಿನಲ್ಲಿ ‘ಹ್ಯಾವ್ ನೋ ಟ್ರಕ್ ವಿತ್’ ಎಂಬ ಮಾತು ಸಿಕ್ಕರೆ ಮೊದಲು ಲಾರಿಯನ್ನು ತಲೆಯಿಂದ ತೆಗೆದುಹಾಕಿ. ಈ ಟ್ರಕ್ ಬೇರೆ. ವಸ್ತು ಕೊಟ್ಟು ವಸ್ತು ಪಡೆಯುವುದು ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಆಮೇಲೆ ವ್ಯವಹಾರ, ಸಹವಾಸ ಎಂಬ ಅರ್ಥವೂ ಸೇರಿತು. ಹಾಗಾಗಿ ಈ ಮಾತಿಗೆ ‘ಅದರ ಸಹವಾಸವೇ ಬೇಡ’ ಎಂದರ್ಥ.

ಇದೇ ಹೆಸರಿನ ಪದ್ಧತಿಯೊಂದು ಬ್ರಿಟನ್ನಿನಲ್ಲಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ. ಎಷ್ಟೋ ಗಣಿ, ಕಾರ್ಖಾನೆ ಮಾಲೀಕರು ಕೂಲಿಯನ್ನು ಹಣದಲ್ಲಿ ಕೊಡುತ್ತಿರಲಿಲ್ಲ. ಸಾಮಾನು ಕೊಡುತ್ತಿದ್ದರು, ಇಲ್ಲವೇ ತಮ್ಮದೇ ಅಂಗಡಿಯಲ್ಲಿ ನಡೆಯುವ ಚೀಟಿ. ಅಲ್ಲಿ ಬೆಲೆ ಜಾಸ್ತಿ, ಮಾಲು ಎಷ್ಟೋ ಸಲ ಕಳಪೆ. ಕೈಯಲ್ಲಿ ಕಾಸೇ ಇಲ್ಲದಿದ್ದರೆ ಬೇರೆ ಅಂಗಡಿಗೆ ಹೋಗುವುದಾದರೂ ಹೇಗೆ, ಅಲ್ವಾ? ಕೊನೆಗೆ 1831ರ ಟ್ರಕ್ ಕಾಯ್ದೆ ಹಲವು ಕಸುಬುಗಳಲ್ಲಿ ಕೂಲಿಯನ್ನು ನಾಣ್ಯದಲ್ಲೇ ಕೊಡಬೇಕು ಎಂದಿತು.

ಬಳಸುವಾಗ ‘ವಿತ್’ ಬಿಡಬೇಡಿ. ಅದರ ಮುಂದೆ ವ್ಯಕ್ತಿ ಅಥವಾ ವಿಚಾರ ಬರಲಿ. ‘ಐ ಹ್ಯಾವ್ ನೋ ಟ್ರಕ್ ವಿತ್ ಗಾಸಿಪ್’ ಅಂದರೆ ಚಾಡಿಮಾತಿನ ಸಹವಾಸವೇ ನನಗೆ ಬೇಡ ಎಂದರ್ಥ. ಸುಮ್ನೆ ‘ಇಷ್ಟವಿಲ್ಲ’ ಅನ್ನೋ ಕಡೆ ಇದನ್ನು ತುರುಕಬೇಡಿ. ಲಂಚ, ಸುಳ್ಳು, ಜಾತಿಭೇದದಂಥವನ್ನು ಹತ್ತಿರಕ್ಕೂ ಸೇರಿಸಲ್ಲ ಎಂದು ಖಡಾಖಂಡಿತವಾಗಿ ಹೇಳುವಾಗ ಬಳಸಿ.