ಮೊದಲು ನೋಡು, ಆಮೇಲೆ ಮುಟ್ಟು: ಪ್ರಥಮ ಚಿಕಿತ್ಸೆಯನ್ನು ಮಕ್ಕಳಿಗೆ ಕಲಿಸುವ ಬಗೆ

ಪ್ರಥಮ ಚಿಕಿತ್ಸೆಯ ತರಗತಿ ಅಂದರೆ ಸಾಮಾನ್ಯವಾಗಿ ಬ್ಯಾಂಡೇಜ್ ಸುತ್ತುವುದರಿಂದಲೇ ಶುರು. ಮಕ್ಕಳಿಗೂ ಅದು ಇಷ್ಟ. ಒಬ್ಬರ ಕೈಗೆ ಇನ್ನೊಬ್ಬರು ಸುತ್ತುತ್ತಾ, ನಗುತ್ತಾ ಒಂದು ಪೀರಿಯಡ್ ಮುಗಿದುಹೋಗುತ್ತದೆ. ಆದರೆ ನಿಜವಾಗಿ ಅಪಘಾತ ಆದಾಗ 'ಈ ಕೈಗೆ ಪಟ್ಟಿ ಕಟ್ಟು' ಅಂತ ಯಾರೂ ಬಂದು ಹೇಳುವುದಿಲ್ಲ ಅಲ್ವಾ? ಅಲ್ಲಿ ಏನಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಅದನ್ನು ಕಂಡುಕೊಳ್ಳುವುದನ್ನು ಮೊದಲು ಕಲಿಸಿ. ಬ್ಯಾಂಡೇಜ್ ಮುಂದಿನ ವಾರಕ್ಕಿರಲಿ.

ಬೋರ್ಡ್ ಮೇಲೆ ಬರೆದು ಹೇಳಿದರೆ ಇದು ತಲೆಗೆ ಹತ್ತುವುದಿಲ್ಲ. ಮಾಡಿಸಿಯೇ ಕಲಿಸಬೇಕು. ಒಂದು ಖಾಲಿ ಕೋಣೆ, ಒಂದು ಏಣಿ, ಒಂದು ತುಂಡು ವೈರ್, ಎರಡು ಬೆಂಚು ಇದ್ದರೆ ಸಾಕು. ಇದು ಅಣಕು ಅಭ್ಯಾಸ ಎಂದು ಎಲ್ಲರಿಗೂ ಮೊದಲೇ ಹೇಳಿಬಿಡಿ. ಸುಮ್ನೆ ಹೆದರಿಸಿ ಕಲಿಸುವ ವಿಷಯ ಇದಲ್ಲ. ಮನೆಯಲ್ಲೋ ರಸ್ತೆಯಲ್ಲೋ ಅಪಘಾತವನ್ನು ಕಣ್ಣಾರೆ ಕಂಡ ಮಕ್ಕಳು ತರಗತಿಯಲ್ಲಿ ಇರಬಹುದು. ಅವರು ಬೇಕಿದ್ದರೆ ಪಕ್ಕದಲ್ಲಿ ಕೂತು ನೋಡಲಿ.

ಹಂತ 1: ಬಾಗಿಲಲ್ಲೇ ನಿಲ್ಲಿಸಿ

ಒಬ್ಬ ವಿದ್ಯಾರ್ಥಿ ಗಾಯಾಳುವಾಗಿ ನೆಲದ ಮೇಲೆ ಮಲಗಲಿ. ಪಕ್ಕದಲ್ಲಿ ಉರುಳಿದ ಏಣಿ, ಅವನ ಅಂಗೈ ಕೆಳಗೆ ಆ ವೈರ್. ಅದನ್ನು ಎಲ್ಲಿಗೂ ಜೋಡಿಸಿರಬಾರದು, ಸುಮ್ನೆ ಬಿದ್ದಿರಲಿ. ಈಗ ಉಳಿದವರನ್ನು ಇಬ್ಬಿಬ್ಬರಾಗಿ ಒಳಗೆ ಕಳಿಸಿ. ಹೆಚ್ಚಿನವರು ನೇರವಾಗಿ ಓಡಿಹೋಗಿ ಭುಜ ಹಿಡಿಯುತ್ತಾರೆ. 'ವೈರ್ ನೋಡಿದಿರಾ?' ಅಂತ ಕೇಳಿ. 'ಇಲ್ಲ' ಎಂದರೆ, 'ಸರಿ, ಈಗ ನೀವೂ ಗಾಯಾಳುಗಳೇ, ಅಲ್ಲೇ ಮಲಗಿ' ಎನ್ನಿ. ಮೂರನೇ ಜೋಡಿ ಬರುವ ಹೊತ್ತಿಗೆ ನೆಲದ ತುಂಬಾ ಜನ ಬಿದ್ದಿರುತ್ತಾರೆ. ಆಮೇಲೆ ಬರುವವರು ತಾವಾಗಿಯೇ ಬಾಗಿಲಲ್ಲಿ ನಿಂತು ಸುತ್ತ ನೋಡುತ್ತಾರೆ.

ಹಾಗೆ ನಿಂತವರು ಮೇಲೆ, ಕೆಳಗೆ, ಸುತ್ತ ಏನು ಕಾಣುತ್ತದೆ ಅಂತ ಬಾಯಿಬಿಟ್ಟು ಹೇಳಲಿ. ಮನಸ್ಸಿನಲ್ಲೇ ನೋಡಿಕೊಂಡರೆ ಅರ್ಧ ಬಿಟ್ಟುಹೋಗುತ್ತದೆ. ಕರೆಂಟ್ ಇದ್ದರೆ ಮೊದಲು ಮೇನ್ ಸ್ವಿಚ್ ಆಫ್ ಆಗಬೇಕು. ಹೈಟೆನ್ಶನ್ ತಂತಿ ಬಿದ್ದಿದ್ದರೆ ಹತ್ತಿರ ಸುಳಿಯಲೇಬಾರದು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಮುಳುಗುತ್ತಿರುವವರಿಗೆ ದಡದಿಂದಲೇ ಹಗ್ಗ, ಕೋಲು ಅಥವಾ ತೇಲುವ ವಸ್ತು ಕೊಡಬೇಕು. ಗುಂಡಿ, ಟ್ಯಾಂಕ್, ಹಾಳುಬಾವಿಗಳ ವಿಷಯವನ್ನು ಮಾತ್ರ ಒತ್ತಿ ಹೇಳಿ. ಒಳಗೆ ವಿಷಗಾಳಿ ಇರಬಹುದು, ಅಥವಾ ಸಾಕಷ್ಟು ಆಕ್ಸಿಜನ್ನೇ ಇಲ್ಲದಿರಬಹುದು. ಒಬ್ಬ ಕುಸಿದನೆಂದು ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ, ಅವನ ಹಿಂದೆ ಮೂರನೆಯವನೂ. ದೂರ ನಿಂತು ಸಹಾಯಕ್ಕೆ ಕರೆದ ಮಗುವಿಗೆ ಇಂಥ ಕಡೆ ಪೂರ್ತಿ ಮಾರ್ಕ್ಸ್ ಕೊಡಿ. ಇಲ್ಲದಿದ್ದರೆ ನುಗ್ಗಿದವನೇ ಧೈರ್ಯವಂತ ಎಂಬ ಭಾವನೆ ಉಳಿದುಬಿಡುತ್ತದೆ.

ಹಂತ 2: ಎಷ್ಟು ಜನ?

ಮುಂದಿನ ಆಟದಲ್ಲಿ ಇಬ್ಬರು ಗಾಯಾಳುಗಳು. ಒಬ್ಬಳು ಕೋಣೆ ಮಧ್ಯೆ ಕೂತು ಕಾಲು ಹಿಡಿದುಕೊಂಡು ಜೋರಾಗಿ ಅಳಲಿ. ಇನ್ನೊಬ್ಬ ಬೆಂಚಿನ ಹಿಂದೆ ಸದ್ದಿಲ್ಲದೆ ಮಲಗಲಿ. ಬಂದವರೆಲ್ಲ ಅಳುವವಳ ಸುತ್ತ ಸೇರುತ್ತಾರೆ. ಅಳುತ್ತಿದ್ದಾಳೆ ಎಂದರೆ ಉಸಿರಾಡುತ್ತಿದ್ದಾಳೆ ಎಂದೇ ಅರ್ಥ. ಸದ್ದಿಲ್ಲದೆ ಬಿದ್ದವನ ಹತ್ತಿರ ಮೊದಲು ಹೋಗಬೇಕು. ಇದನ್ನು ನೀವು ಹೇಳಬೇಡಿ. ಬೆಂಚಿನ ಹಿಂದಿದ್ದ ಹುಡುಗನನ್ನೇ ಎಬ್ಬಿಸಿ, 'ನೀನು ಎಷ್ಟು ಹೊತ್ತು ಕಾದೆ?' ಅಂತ ಎಲ್ಲರೆದುರು ಕೇಳಿ.

ಹಂತ 3: ಮಾತಾಡಿಸಿ, ಉಸಿರು ನೋಡಿ

ಪಕ್ಕದಲ್ಲಿ ಮಂಡಿಯೂರಿ, ಎರಡೂ ಭುಜ ತಟ್ಟಿ, 'ಕೇಳಿಸ್ತಿದೆಯಾ? ಕಣ್ಣು ಬಿಡಿ' ಎಂದು ಜೋರಾಗಿ ಕೂಗಬೇಕು. ಕತ್ತು ಅಲುಗಾಡುವಂತೆ ಕುಲುಕಬಾರದು. ಎಳೆ ಮಗುವಾದರೆ ಅಂಗಾಲು ತಟ್ಟಬೇಕು. ಉತ್ತರ ಬಂದರೆ ತನ್ನ ಹೆಸರು ಹೇಳಿ, 'ಸಹಾಯ ಮಾಡಲಾ?' ಎಂದು ಕೇಳಿಯೇ ಮುಂದುವರಿಯಬೇಕು. ಉತ್ತರ ಇಲ್ಲದಿದ್ದರೆ ಕೂಡಲೇ ಸಹಾಯಕ್ಕೆ ಕೂಗಿ, ಉಸಿರು ನೋಡಬೇಕು.

ಇಲ್ಲಿ ನಿಧಾನ ಮಾಡಿ, ಹೆಚ್ಚು ಸಮಯ ಕೊಡಿ. ಹಣೆ ಮೇಲೆ ಒಂದು ಕೈ, ಗದ್ದದ ಕೆಳಗೆ ಇನ್ನೊಂದು ಕೈಯ ಎರಡು ಬೆರಳು. ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಬೇಕು. ಕೆನ್ನೆ ಗಾಯಾಳುವಿನ ಬಾಯಿ ಹತ್ತಿರ, ಕಣ್ಣು ಎದೆಯ ಮೇಲೆ. ಎದೆ ಏರುತ್ತಿದೆಯಾ, ಸದ್ದು ಕೇಳುತ್ತಿದೆಯಾ, ಕೆನ್ನೆಗೆ ಗಾಳಿ ತಾಗುತ್ತಿದೆಯಾ? ಇದಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ. ಒಬ್ಬರು ಗಡಿಯಾರ ಹಿಡಿದು ಎಣಿಸಲಿ. ಗಾಬರಿಯಲ್ಲಿ ಮಕ್ಕಳು ಮೂರೇ ಸೆಕೆಂಡಿಗೆ ಎದ್ದುಬಿಡುತ್ತಾರೆ, ಇಲ್ಲವೇ ಅರ್ಧ ನಿಮಿಷ ಬಗ್ಗಿಯೇ ಇರುತ್ತಾರೆ.

ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಗೊರಕೆಯಂತೆ, ಬಿಟ್ಟು ಬಿಟ್ಟು ಏದುಸಿರು ಎಳೆಯುತ್ತಾರೆ. ನೋಡಿದವರು 'ಉಸಿರಾಡ್ತಿದ್ದಾರಲ್ಲ' ಎಂದು ಸುಮ್ಮನಾಗುತ್ತಾರೆ. ಅದು ಸರಿಯಾದ ಉಸಿರಾಟವಲ್ಲ. ಈ ಸದ್ದನ್ನು ಶಿಕ್ಷಕರೇ ಮಾಡಿ ತೋರಿಸಬೇಕು. ಮಕ್ಕಳು ನಗುತ್ತಾರೆ, ನಗಲಿ ಬಿಡಿ, ನೆನಪಿರುತ್ತದೆ. ಉಸಿರಿಲ್ಲ ಅಥವಾ ಸರಿಯಿಲ್ಲ ಎನಿಸಿದರೆ ಸಿಪಿಆರ್. ಅಂದರೆ, ದೊಡ್ಡವರಾದರೆ ಎದೆಯ ಮಧ್ಯೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುವುದು. ಅದನ್ನು ಗೊಂಬೆಯ ಮೇಲೆ ಬೇರೆ ದಿನ ಕಲಿಸಿ, ಇವತ್ತು ನಿರ್ಧಾರ ಮಾತ್ರ ಸಾಕು. ಉಸಿರು ಸರಿಯಿದ್ದು ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು.

ನಾಡಿ ಹಿಡಿದು ನೋಡುವುದನ್ನು ಕಲಿಸಲು ಹೋಗಬೇಡಿ. ಗಾಬರಿಯಲ್ಲಿ ನಮ್ಮದೇ ಬೆರಳಿನ ನಾಡಿ ಬಡಿತ ಅವರದ್ದೆನಿಸುತ್ತದೆ.

ರಕ್ತದ ಬಗ್ಗೆ ಒಂದು ಮಾತು. ಗಾಢ ಬಣ್ಣದ ಬಟ್ಟೆಯಲ್ಲಿ, ಬೆನ್ನ ಕೆಳಗೆ ರಕ್ತ ಕಾಣುವುದಿಲ್ಲ. ತಲೆಯಿಂದ ಕಾಲಿನವರೆಗೆ ಕಣ್ಣಾಡಿಸಿ, ಮೈ ಕೆಳಗೂ ನೋಡಬೇಕು. ಚಿಮ್ಮುತ್ತಿದ್ದರೆ ಅಥವಾ ಮಡುಗಟ್ಟುತ್ತಿದ್ದರೆ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ಸಿಕ್ಕರೆ ಕೈಗವಸು ಹಾಕಿಕೊಂಡು.

ಹಂತ 4: ಫೋನ್ ಯಾರು ಮಾಡುತ್ತಾರೆ?

'ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡಿ' ಎಂದು ಕೂಗಿದರೆ ಯಾರೂ ಮಾಡುವುದಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರು ಮಾಡಿರಬೇಕು ಅಂದುಕೊಳ್ಳುತ್ತಾರೆ. ಬೆರಳು ತೋರಿಸಿ, 'ನೀಲಿ ಅಂಗಿಯವರೇ, ನೀವು ಫೋನ್ ಮಾಡಿ, ಮಾಡಿದ ಮೇಲೆ ಬಂದು ಹೇಳಿ' ಎನ್ನುವುದನ್ನು ಅಭ್ಯಾಸ ಮಾಡಿಸಿ. ಒಬ್ಬರೇ ಇದ್ದರೆ ಫೋನ್ ಸ್ಪೀಕರಿನಲ್ಲಿಟ್ಟು ಕೈ ಖಾಲಿ ಮಾಡಿಕೊಳ್ಳಬೇಕು.

ಇದಕ್ಕೆ ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ಒಬ್ಬರು ಕರೆ ಮಾಡುವವರು, ಇನ್ನೊಬ್ಬರು ತುರ್ತು ಸೇವೆಯವರು. ಎಲ್ಲಿ, ಏನಾಗಿದೆ, ಎಷ್ಟು ಜನ, ಎಚ್ಚರ ಇದೆಯಾ, ಉಸಿರು ಇದೆಯಾ? 'ಎಲ್ಲಿ' ಎಂಬುದೇ ಮೊದಲು ಬರಬೇಕು, ಲೈನ್ ಕಟ್ಟಾದರೂ ಆಂಬುಲೆನ್ಸ್ ಹೊರಡುತ್ತದೆ. 'ಇಲ್ಲೇ, ಶಾಲೆ ಹತ್ತಿರ' ಎಂದು ಬಿಟ್ಟರೆ ಎದುರಿನವರು ಬಿಡದೆ 'ಯಾವ ಶಾಲೆ, ಯಾವ ಗೇಟು?' ಎಂದು ಕೇಳಲಿ. ತುರ್ತು ಸೇವೆಯವರು ಹೇಳುವವರೆಗೆ ಫೋನ್ ಇಡಬಾರದು.

ಹಂತ 5: ಮತ್ತೆ ಆಡಿಸಿ, ಸ್ವಲ್ಪ ಬದಲಿಸಿ

ಪ್ರತಿ ಆಟದ ಕೊನೆಗೆ 'ಏನು ತಪ್ಪು ಮಾಡಿದೆ?' ಎಂದು ಕೇಳಬೇಡಿ. 'ಏನು ಕಂಡಿತು? ಅದನ್ನು ಕಂಡು ಏನು ಮಾಡಿದೆ?' ಎಂದು ಕೇಳಿ. ಆ ಎರಡರ ನಡುವೆ ಎಲ್ಲಿ ಎಡವಿದರೆಂದು ಅವರಿಗೇ ಗೊತ್ತಾಗುತ್ತದೆ.

ಕೊನೆಯ ಆಟಕ್ಕೆ, ಚೆನ್ನಾಗಿ ಮಾತಾಡುತ್ತಿದ್ದ ಗಾಯಾಳು ಎರಡು ನಿಮಿಷದ ನಂತರ ಮೆಲ್ಲಗೆ ಸುಮ್ಮನಾಗಲಿ. ಅಷ್ಟರಲ್ಲಿ ಮಕ್ಕಳು ಫೋನ್, ಬಟ್ಟೆ, ಬ್ಯಾಗು ಅಂತ ಗಡಿಬಿಡಿಯಲ್ಲಿರುತ್ತಾರೆ. ಯಾರಾದರೂ ಗಮನಿಸುವವರೆಗೆ ನೀವು ಬಾಯಿ ಬಿಡಬೇಡಿ. ಗಮನಿಸಿದವರು ಭುಜ ತಟ್ಟಿ, ಗದ್ದ ಎತ್ತಿ, ಮತ್ತೆ 10ರವರೆಗೆ ಎಣಿಸಬೇಕು.