ಹದಿನೆಂಟು ಎಂದು ಬರೆದ ಹದಿನೇಳೂವರೆ: ಪ್ಲೈವುಡ್ ಮೇಜು ಕಟ್ಟಿದ ಅನುಭವ

ಮೇಜು ಮಾಡಲು ಮೇಜು ಬೇಕು. ನನ್ನ ಪುಟ್ಟ ಸಿಎನ್‌ಸಿ ರೂಟರ್ (ಕಂಪ್ಯೂಟರಿನಲ್ಲಿ ಬರೆದ ಚಿತ್ರದಂತೆ ಮರ ಕತ್ತರಿಸುವ ಯಂತ್ರ) ಆಗ ನೆಲದ ಮೇಲಿತ್ತು, ನಾನು ಅದರ ಮುಂದೆ ಮಂಡಿಯೂರಿ ಕೆಲಸ ಮಾಡುತ್ತಿದ್ದೆ. ಬೆನ್ನು ಕೊಟ್ಟ ಎಚ್ಚರಿಕೆಯೇ ಈ ಕೆಲಸಕ್ಕೆ ಮೊದಲ ಕಾರಣ.

ಯಂತ್ರದ ಬಿಟ್, ಅಂದರೆ ತಿರುಗುತ್ತ ಕತ್ತರಿಸುವ ಅಲಗು, ಅಡ್ಡಕ್ಕೆ 600 ಮಿ.ಮೀ., ಉದ್ದಕ್ಕೆ 400 ಮಿ.ಮೀ. ಮಾತ್ರ ಓಡಾಡುತ್ತದೆ. ನನಗೆ ಬೇಕಾಗಿದ್ದ ಮೇಜು 1500 ಮಿ.ಮೀ. ಉದ್ದ, 600 ಅಗಲ, 870 ಎತ್ತರ. ಎತ್ತರವನ್ನು ಯಾವ ಪಟ್ಟಿಯಿಂದಲೂ ತೆಗೆದುಕೊಳ್ಳಲಿಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟು, ಮಣಿಕಟ್ಟಿನವರೆಗೆ ಅಳೆದುಕೊಂಡೆ. ನಿಮ್ಮದು ಬೇರೆಯೇ ಬರುತ್ತದೆ.

ಎಲ್ಲವನ್ನೂ ಯಂತ್ರದಿಂದಲೇ ಕತ್ತರಿಸಬೇಕೆಂಬ ಹಟ ಮೊದಲಿಗೆ ಇತ್ತು. ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಮನೆಗೆ ಬಂದ ದಿನವೇ ಅದು ಇಳಿಯಿತು. ನೇರ ಗೆರೆ ಕತ್ತರಿಸಲು ಕೈಯಲ್ಲಿ ಹಿಡಿಯುವ ವೃತ್ತಾಕಾರದ ಗರಗಸ ಮತ್ತು ಪಕ್ಕಕ್ಕೆ ಬಿಗಿದ ಒಂದು ನೇರ ಪಟ್ಟಿ ಸಾಕು. ಯಂತ್ರ ಒಂದು ಗಂಟೆ ತಿನ್ನುವ ಕೆಲಸವನ್ನು ಗರಗಸ ಎರಡು ನಿಮಿಷದಲ್ಲಿ ಮುಗಿಸುತ್ತದೆ. ಕಿಂಡಿಗಳು, ತೂತುಗಳು, ಒಂದರಂತೆ ಇನ್ನೊಂದು ಇರಲೇಬೇಕಾದ ಭಾಗಗಳು: ಇಷ್ಟನ್ನು ಮಾತ್ರ ಯಂತ್ರಕ್ಕೆ ಬಿಟ್ಟೆ.

ವಿನ್ಯಾಸ ಹುಟ್ಟಿದ್ದು ಒಂದು ಕೊರತೆಯಿಂದ. ನನ್ನ 6 ಮಿ.ಮೀ. ಬಿಟ್ಟಿನ ಹಲ್ಲಿರುವ ಭಾಗ 22 ಮಿ.ಮೀ. ಉದ್ದ ಮಾತ್ರ. ದಪ್ಪ ಕಾಲಿನಲ್ಲಿ ಆಳವಾದ ಕಿಂಡಿ ತೆಗೆಯಲು ಅದರಿಂದ ಆಗದು. ಹಾಗಾಗಿ ಕಿಂಡಿ ತೆಗೆಯುವ ಬದಲು ಕಿಂಡಿ ಇರಬೇಕಾದ ಕಡೆ ಮರವನ್ನೇ ಇಡದಿರುವ ದಾರಿ ಹಿಡಿದೆ. ಪ್ರತಿ ಕಾಲೂ 90 ಮಿ.ಮೀ. ಅಗಲದ ಮೂರು ಪದರ. ನಡುವಿನ ಪದರವನ್ನು ಮೇಲೆ ಮತ್ತು ಕೆಳಗೆ 120 ಮಿ.ಮೀ. ಬಿಟ್ಟು ಅಂಟಿಸಿದರೆ, ಮೇಜಿನ ಉದ್ದಕ್ಕೆ ಓಡುವ ಅಡ್ಡಪಟ್ಟಿ ಆ ಜಾಗದಲ್ಲಿ ಬಂದು ಕೂರುತ್ತದೆ. ಇದರ ಸೊಗಸು ಅರ್ಥವಾದದ್ದು ಆಮೇಲೆ. ಖಾಲಿ ಜಾಗದ ದಪ್ಪವೂ ಪಟ್ಟಿಯ ದಪ್ಪವೂ ಒಂದೇ ಹಾಳೆಯಿಂದ ಬಂದದ್ದು, ಅಲ್ಲಿ ಅಳತೆಯ ಪ್ರಶ್ನೆಯೇ ಏಳುವುದಿಲ್ಲ. ಅಂಟಿನ ತೆಳು ಪದರವೇ ಬೇಕಾದಷ್ಟು ಸಡಿಲ ಕೊಡುತ್ತದೆ.

ಅಳತೆಯ ಪ್ರಶ್ನೆ ಎದ್ದದ್ದು ಮೇಜಿನ ಅಗಲಕ್ಕೆ ಓಡುವ ಗಿಡ್ಡ ಪಟ್ಟಿಗಳಲ್ಲಿ. ಅವುಗಳ ತುದಿಯಲ್ಲಿ ಚಾಚಿದ ನಾಲಿಗೆ ಕಾಲಿನ ಒಳಪದರವನ್ನೂ ನಡುಪದರವನ್ನೂ ಹಾದು ಕೂರಬೇಕು. ಹಾಳೆಯ ಮೇಲೆ ದಪ್ಪ 18 ಮಿ.ಮೀ. ಎಂದು ಅಚ್ಚು ಹಾಕಿದ್ದರು. ದಪ್ಪವನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿದರೆ 17.5. ಇನ್ನೊಂದು ಅಂಚಿನಲ್ಲಿ 17.3, ಒಂದು ಮೂಲೆಯಲ್ಲಿ 17.6. ಚಿತ್ರದಲ್ಲಿ 18 ಎಂದು ಬರೆದು ಕತ್ತರಿಸಿದ್ದರೆ ಪ್ರತಿ ಕೀಲೂ ಅರ್ಧ ಮಿ.ಮೀ. ಅಲ್ಲಾಡುತ್ತಿತ್ತು. ಹತ್ತಾರು ಕೀಲುಗಳ ಆ ಅರ್ಧರ್ಧ ಸೇರಿದರೆ ಮರ ನುಣುಪು ಮಾಡುವ ತೋಪಡ ತಳ್ಳಿದಾಗೆಲ್ಲ ಮೇಜು ಓಲಾಡುತ್ತದೆ.

ಒಂದು ತುಂಡು ಹಲಗೆಯಲ್ಲಿ ಪರೀಕ್ಷೆಯ ಕಿಂಡಿಗಳನ್ನು ಕತ್ತರಿಸಿದೆ. 17.5ರಲ್ಲಿ ನಾಲಿಗೆ ಒಳಗೇ ಹೋಗಲಿಲ್ಲ. 17.6ರಲ್ಲಿ ಕೊಡತಿಯಿಂದ ಹೊಡೆಯಬೇಕಾಯಿತು, ಹೊಡೆದಾಗ ಅಂಚಿನ ಪದರ ಸೀಳಿತು. 17.7ರಲ್ಲಿ ಅಂಗೈಯಿಂದ ಒತ್ತಿದರೆ ಕೂತಿತು, ತಲೆಕೆಳಗು ಮಾಡಿದರೆ ಬೀಳಲಿಲ್ಲ. 17.8 ಸಡಿಲ. ನನ್ನ ಹಾಳೆಗೆ, ನನ್ನ ಬಿಟ್ಟಿಗೆ, ನನ್ನ ಯಂತ್ರದ ಬಿಗಿತಕ್ಕೆ ಹೊಂದಿದ ಸಂಖ್ಯೆ 17.7. ಬೇರೆ ಹಾಳೆ ತಂದರೆ ಮತ್ತೆ ಮೊದಲಿನಿಂದ ಪರೀಕ್ಷೆ. ಇಡೀ ಕೆಲಸದಲ್ಲಿ ನನ್ನ ಸಮಯಕ್ಕೆ ಅತಿ ಹೆಚ್ಚು ಬೆಲೆ ಬಂದದ್ದು ಈ ಒಂದು ಸಂಜೆಯಲ್ಲಿ.

ಮೊದಲ ಪರೀಕ್ಷೆಯಲ್ಲಿ ಇನ್ನೊಂದು ಪೆದ್ದುತನವೂ ಹೊರಬಿತ್ತು. ಗುಂಡಗಿರುವ ಬಿಟ್ ಒಳಮೂಲೆಯನ್ನು ಚೌಕವಾಗಿ ಕತ್ತರಿಸಲಾರದು, 3 ಮಿ.ಮೀ. ತ್ರಿಜ್ಯದ ಗುಂಡುಮೂಲೆ ಉಳಿಯುತ್ತದೆ. ಅದು ಗೊತ್ತಿದ್ದೂ ಮರೆತಿದ್ದೆ. ಮರಗೆಲಸ ಮಾಡುವ ಗೆಳೆಯನಿಗೆ ತೋರಿಸಿದಾಗ, "ಉಳಿ ಇಲ್ಲವೇ? ಮೂಲೆ ಕೆತ್ತಿದರಾಯಿತು" ಎಂದ. ನಾಲ್ಕು ಕಾಲು, ಕಾಲಿಗೆ ಎರಡು ಪಟ್ಟಿ, ಪಟ್ಟಿಗೆ ಎರಡು ಪದರ: 16 ಕಿಂಡಿ, 64 ಮೂಲೆ. ಅವನಿಗೆ ಲೆಕ್ಕ ಹೇಳಿದೆ, ನಕ್ಕ. ಬಿಟ್ ಪ್ರತಿ ಮೂಲೆಯಿಂದ ತುಸು ಆಚೆಗೆ ಹೋಗಿ ಬರುವಂತೆ ಚಿತ್ರವನ್ನೇ ತಿದ್ದಿದೆ. ಮೂಲೆಗಳಲ್ಲಿ ನಾಯಿ ಕಚ್ಚಿದ ಮೂಳೆಯ ತುದಿಯಂಥ ಆಕಾರ ಬರುತ್ತದೆ, ಕೂಡಿಸಿದ ಮೇಲೆ ಕಾಣುವುದಿಲ್ಲ.

ವೇಗದ ವಿಷಯದಲ್ಲಿ ನನ್ನ ಭಯವೇ ನನ್ನನ್ನು ದಾರಿ ತಪ್ಪಿಸಿತು. ಪುಟ್ಟ ಯಂತ್ರ, ಮೆಲ್ಲಗೆ ಹೋಗಲಿ ಎಂದು ನಿಮಿಷಕ್ಕೆ 500 ಮಿ.ಮೀ. ಇಟ್ಟೆ. ಸುಟ್ಟ ವಾಸನೆ ಬಂತು, ಅಂಚು ಕಂದಾಯಿತು, ಬಿದ್ದದ್ದು ಹಿಟ್ಟಿನಂಥ ಪುಡಿ. ಕಾರಣ ಸರಳ ಗುಣಾಕಾರದಲ್ಲಿದೆ. ನಿಮಿಷಕ್ಕೆ 16,000 ಸುತ್ತು, ಬಿಟ್ಟಿಗೆ ಎರಡು ಹಲ್ಲು, ಅಂದರೆ 32,000 ಕಚ್ಚು. 500 ಮಿ.ಮೀ.ಯನ್ನು ಅಷ್ಟಕ್ಕೆ ಹಂಚಿದರೆ ಹಲ್ಲಿಗೆ ಸಿಗುವುದು 0.016 ಮಿ.ಮೀ. ಆ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ, ಉಜ್ಜಿದರೆ ಬಿಸಿ. 1600ಕ್ಕೆ ಏರಿಸಿದಾಗ ಹಲ್ಲಿಗೆ 0.05 ಮಿ.ಮೀ. ಸಿಕ್ಕಿತು, ಪುಡಿಯ ಬದಲು ಚಕ್ಕೆ ಬೀಳತೊಡಗಿತು. ಆಳವನ್ನು ಮಾತ್ರ ಬಿಟ್ ಒಂದು ಸಲ ಹಾದುಹೋಗುವಾಗ 3 ಮಿ.ಮೀ.ಗಿಂತ ಹೆಚ್ಚಿಸಲಿಲ್ಲ, ಚೌಕಟ್ಟು ನಡುಗುತ್ತದೆ. ಪ್ಲೈವುಡ್ಡಿನ ಅಂಟಿನ ಪದರಗಳು ಬಿಟ್ಟಿನ ಮೊನೆಯನ್ನು ಬೇಗ ಸವೆಸುತ್ತವೆ, ಹಾಗಾಗಿ ಇನ್ನೊಂದು ಬಿಟ್ ತಂದಿಟ್ಟುಕೊಂಡಿದ್ದೆ. ಅದು ಬೇಕಾದದ್ದು ಸವೆತಕ್ಕಲ್ಲ.

17.7 ಅಗಲದ ಕಿಂಡಿಯ ಸುತ್ತಂಚನ್ನು 6 ಮಿ.ಮೀ. ಬಿಟ್ಟಿನಿಂದ ಕತ್ತರಿಸಿದರೆ ನಡುವೆ 5.7 ಮಿ.ಮೀ.ಯ ಕಡ್ಡಿಯೊಂದು ಉಳಿಯುತ್ತದೆ. ಕೊನೆಯ ಸುತ್ತಿನಲ್ಲಿ ಆ ಕಡ್ಡಿ ಕಳಚಿ, ಓರೆಯಾಗಿ, ಬಿಟ್ಟಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಟಪ್ ಎಂಬ ಸದ್ದು, ಅಷ್ಟೇ. ಕಣ್ಣಿಗೆ ಕನ್ನಡಕವಿತ್ತು, ಪುಣ್ಯ. ಆಮೇಲೆ ಕಿಂಡಿಯ ಒಳಗಿನದನ್ನೆಲ್ಲ ಪುಡಿ ಮಾಡಿಬಿಡುವಂತೆ ಬಿಟ್ಟಿನ ದಾರಿ ಬದಲಿಸಿದೆ. ಹೊತ್ತು ಹೆಚ್ಚು ಹಿಡಿಯಿತು, ಇನ್ನೊಂದು ಬಿಟ್ ಮುರಿಯಲಿಲ್ಲ.

ಉದ್ದದ ಹಲಗೆಯನ್ನು ಪುಟ್ಟ ಹಾಸಿನಲ್ಲಿ ಕತ್ತರಿಸುವುದು ಹೇಗೆಂದು ಹಲವರು ಕೇಳಿದ್ದಾರೆ. ಯಂತ್ರದ ಮುಂದೂ ಹಿಂದೂ ತೆರೆದಿದ್ದರೆ ಸಾಧ್ಯ. ಮೇಲ್ಹಲಗೆಯ ಮುಂಭಾಗದಲ್ಲಿ ಕೆಲಸದ ತುಂಡನ್ನು ಹಿಡಿದಿಡುವ ಹಿಡಿಗೂಟಗಳಿಗಾಗಿ 20 ಮಿ.ಮೀ. ತೂತುಗಳ ಮೂರು ಸಾಲು ಬೇಕಿತ್ತು, ತೂತಿನಿಂದ ತೂತಿಗೆ 96 ಮಿ.ಮೀ. ನಾಲ್ಕು ಅಂತರ ಸೇರಿದರೆ 384, ಅದು 400ರ ಒಳಗೆ ಕೂರುತ್ತದೆ. ಹಾಗಾಗಿ ತೂತುಗಳನ್ನೇ ಗುರುತಾಗಿ ಬಳಸಿದೆ: ಒಂದು ಭಾಗ ಕೊರೆದು, ಹಲಗೆಯನ್ನು 384 ಸರಿಸಿ, ಈಗಾಗಲೇ ಕೊರೆದ ತೂತಿಗೆ ಗೂಟ ತೂರಿಸಿ, ಮುಂದಿನ ಭಾಗ. ನಾಲ್ಕು ನಿಲುಗಡೆಯಲ್ಲಿ ಸಾಲಿಗೆ 15 ತೂತು ಮುಗಿದವು.

ಮೊದಲು 384 ಎಂದು ಹೇಳಿದರೆ ಯಂತ್ರ 383.5 ಮಾತ್ರ ಹೋಗುತ್ತಿತ್ತು. ಯಂತ್ರದ ಮೋಟಾರು ಮಿಲಿಮೀಟರಿಗೆ ಇಡಬೇಕಾದ ಹೆಜ್ಜೆ 80 ಎಂದಿದ್ದದ್ದನ್ನು 80.104 ಎಂದು ತಿದ್ದಿದೆ. ಅದಕ್ಕಿಂತ ಮುಖ್ಯವಾದದ್ದು ಹಲಗೆ ಆನಿಸುವ ಪಕ್ಕದ ಪಟ್ಟಿ. ಅದನ್ನು ಮೂಲೆಮಟ್ಟ ಹಿಡಿದು ಕೂರಿಸಲು ಹೋಗಿ ಅರ್ಧ ದಿನ ಕಳೆದೆ. ಕೊನೆಗೆ ಸುಮಾರಾಗಿ ಸ್ಕ್ರೂ ಹಾಕಿ, ಅದರ ಅಂಚನ್ನು ಯಂತ್ರದಿಂದಲೇ ಒಂದು ಸುತ್ತು ಸವರಿಸಿದೆ. ಯಂತ್ರ ಓಡುವ ದಿಕ್ಕಿಗೆ ಅದು ತಾನಾಗಿ ಸಮಾನಾಂತರವಾಯಿತು.

ಇಷ್ಟಾದರೂ ಒಂದು ಉದ್ದಪಟ್ಟಿಯಲ್ಲಿ ಒಂದು ಮಿ.ಮೀ.ಯ ಮೆಟ್ಟಿಲು ಬಿದ್ದಿದೆ. ಎರಡನೇ ಸಲ ಸರಿಸುವಾಗ ಅದರ ಅಂಚಿಗೂ ಆನಿಸುವ ಪಟ್ಟಿಗೂ ನಡುವೆ ಚಕ್ಕೆ ಕೂತಿದ್ದನ್ನು ನೋಡಲಿಲ್ಲ. ಆ ಉದ್ದಪಟ್ಟಿ ಈಗ ಗೋಡೆಯ ಕಡೆಗಿದೆ.

ಇನ್ನೊಂದು ತಪ್ಪನ್ನು ಮುಚ್ಚಿಡಲು ಆಗಲಿಲ್ಲ. ನನ್ನ ಬಿಟ್ ಎಳೆಗಳನ್ನು ಮೇಲಕ್ಕೆ ಎಳೆಯುವ ಜಾತಿಯದು; ಮೇಲ್ಮೈ ಸಿಬಿರೇಳುತ್ತದೆ, ಕೆಳಗಿನ ಮೈ ನುಣುಪಾಗಿ ಬರುತ್ತದೆ. ಅದಕ್ಕೆಂದು ಚೆಂದದ ಮೈಯನ್ನು ಕೆಳಗೆ ಮಾಡಿ ಕತ್ತರಿಸುತ್ತಿದ್ದೆ. ಹಾಗೆ ಮಾಡಿದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು. ಒಂದು ಕಾಲಿಗೆ ತಿರುಗಿಸುವುದನ್ನು ಮರೆತೆ. ಒಣಗಲು ಬಿಡುವ ಮುಂಚೆ ನಾಲ್ಕೂ ಕಾಲು ಸಾಲಾಗಿ ನಿಲ್ಲಿಸಿದಾಗ ಮೂರು ಎಡಗಾಲು, ಒಂದು ಬಲಗಾಲು. ಅಂಟು ಹಸಿಯಿರುವಾಗಲೇ ಪದರ ಬಿಡಿಸಿ, ಒರೆಸಿ, ಉಳಿದ ಹಾಳೆಯಿಂದ ಎರಡು ಪದರ ಹೊಸದಾಗಿ ಕತ್ತರಿಸಿದೆ.

ಅಂಟಿಸುವಾಗ ಪದರಗಳು ಜಾರುತ್ತವೆ. ಅದಕ್ಕಾಗಿ ಪ್ರತಿ ಪದರದಲ್ಲೂ ಒಂದೇ ಜಾಗದಲ್ಲಿ 8 ಮಿ.ಮೀ.ಯ ಎರಡು ತೂತು ಕೊರೆಸಿ ಮರದ ಗೂಟ ಹಾಕಿದ್ದೆ. ಮೇಲ್ಹಲಗೆ ಎರಡು ಪದರ. ಅಷ್ಟು ಅಗಲದ ನಡುಭಾಗಕ್ಕೆ ಕ್ಲಾಂಪ್ ಎಟುಕುವುದಿಲ್ಲ, ಕೆಳಗಿನಿಂದ 30 ಮಿ.ಮೀ. ಸ್ಕ್ರೂಗಳಿಂದ ಎಳೆದು ಕೂರಿಸಿದೆ. ಆಮೇಲೆ ಮೇಲಿನ ತೂತುಗಳನ್ನೇ ದಾರಿ ಮಾಡಿಕೊಂಡು ಕೆಳಪದರವನ್ನು ಕೈಯಲ್ಲಿ ಕೊರೆದೆ.

ಜೋಡಿಸಿ ಎರಡು ದಿನ ಬಿಟ್ಟು ಒಂದು ತುದಿಯಲ್ಲಿ ಸೊಂಟ ಆನಿಸಿ ತಳ್ಳಿದೆ. ಮೇಜು ಅಲ್ಲಾಡಲಿಲ್ಲ, ಇಡಿಯಾಗಿ ನೆಲದ ಮೇಲೆ ಜಾರಿತು. ಕಾಲಿನಡಿ ರಬ್ಬರ್ ತುಂಡು ಅಂಟಿಸಿದೆ. ಮರುದಿನ ಯಂತ್ರವನ್ನು ಎತ್ತಿ ಅದರ ಮೇಲಿಟ್ಟೆ.

ತುಂಡುಗಳನ್ನು ಬಿಗಿದು ಹಿಡಿಯುವ ವೈಸ್ ಕೂರಿಸಲು ಹೋದಾಗ ಅದರ ಒಂದು ಬೋಲ್ಟ್ ಸರಿಯಾಗಿ 20 ಮಿ.ಮೀ. ತೂತಿನ ಮೇಲೆಯೇ ಬಂತು. ಚಿತ್ರದಲ್ಲಿ ವೈಸ್ ಬರೆದಿರಲೇ ಇಲ್ಲ. ವೈಸನ್ನು ತುಸು ಪಕ್ಕಕ್ಕೆ ಸರಿಸಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಆ ನಾಲ್ಕು ಬೋಲ್ಟಿನ ತೂತುಗಳನ್ನು ಕೈಯಲ್ಲೇ ಕೊರೆದೆ.