ಜಿಟಿಎ 5 ಆಡುವವರೇ, ಲೆಸ್ಟರ್ ಕೊಡುವ ಸುಪಾರಿಗೆ ಅವಸರ ಬೇಡ

ಜಿಟಿಎ 5 ವಿಡಿಯೊ ಗೇಮ್‌ನಲ್ಲಿ ನಾವು ಆಡಿಸುವ ಪಾತ್ರಗಳು ಮೂರು: ಮೈಕಲ್, ಫ್ರಾಂಕ್ಲಿನ್, ಟ್ರೆವರ್. ಇವರಲ್ಲಿ ಫ್ರಾಂಕ್ಲಿನ್‌ಗೆ ಲೆಸ್ಟರ್ ಎಂಬ ಪಾತ್ರ ಕೊಡುವ ಕೊಲೆ ಸುಪಾರಿಗಳಲ್ಲಿ ಮೊದಲನೆಯ ಹೋಟೆಲ್ ಮಿಷನ್ ಮಾಡಲೇಬೇಕು. ಉಳಿದ 4 ಯಾವಾಗ ಅನ್ನೋದು ನಮಗೇ ಬಿಟ್ಟಿದ್ದು. ಈ ಆಟದಲ್ಲಿ ನನಗೆ ತುಂಬಾ ಇಷ್ಟವಾದದ್ದೇ ಈ ಸ್ವಾತಂತ್ರ್ಯ. ಕೊನೆಯ ದೊಡ್ಡ ದರೋಡೆ ಮುಗಿಯುವವರೆಗೂ ಅವನ್ನು ಮುಟ್ಟಬೇಡಿ. ಆಗ ಷೇರಿಗೆ ಹಾಕೋಕೆ ಮೂವರ ಕೈಲೂ ದುಡ್ಡು ಜಾಸ್ತಿ ಇರುತ್ತದೆ, ಅಲ್ವಾ?

2ನೇ ಸುಪಾರಿಗೆ ಮುಂಚೆ ಫೋನ್ ತೆಗೆದು, ಆಟದೊಳಗಿನ ಎಲ್‌ಸಿಎನ್ ಷೇರುಪೇಟೆಯಲ್ಲಿ ಮೂವರ ಹಣವನ್ನೂ ಡೆಬೊನೇರ್ ಕಂಪನಿಯ ಮೇಲೆ ಹಾಕಿ. ಮಿಷನ್ ಮುಗಿದು ಬೆಲೆ ಏರಿದ ಮೇಲೆ ಮಾರಿಬಿಡಿ. ಅಷ್ಟರಲ್ಲಿ ಅದರ ಎದುರಾಳಿ ಕಂಪನಿ ರೆಡ್‌ವುಡ್‌ನ ಷೇರು ಪಾತಾಳಕ್ಕೆ ಬಿದ್ದಿರುತ್ತದೆ, ಅದನ್ನು ಕೊಳ್ಳಿ. ಆಮೇಲೆ ಅದರ ಬೆಲೆ ಏರಲಿ ಅಂತ ಸುಮ್ನೆ ಕಾಯಬೇಡಿ, ಪಾತ್ರವನ್ನು ಹಾಸಿಗೆಯಲ್ಲಿ ಮಲಗಿಸಿ. ಮೈಕಲ್ ಮಲಗಿದರೆ ಆಟದ ಸಮಯದಲ್ಲಿ 6 ಗಂಟೆ ಕಳೆಯುತ್ತದೆ, ಟ್ರೆವರ್ ಮಲಗಿದರೆ 12. ಹಾಗಾಗಿ ಟ್ರೆವರ್‌ನನ್ನೇ ಮಲಗಿಸಿ. ಹಣ ಹಾಕುವ ಮೊದಲು ಬೇರೆ ಸ್ಲಾಟ್‌ನಲ್ಲಿ ಆಟವನ್ನು ಒಮ್ಮೆ ಸೇವ್ ಮಾಡಿಟ್ಟುಕೊಳ್ಳಿ, ಎಡವಟ್ಟಾದರೆ ಅಲ್ಲಿಂದಲೇ ಮತ್ತೆ ಆಡಬಹುದು.